ಹೂಳಿನಲ್ಲಿ ಉಳಿದ ಮಳೆ

ಬೇಸಿಗೆಯಲ್ಲಿ ಬೆಂಗಳೂರಿನ ಕೆಂಗೇರಿ, ಉಲ್ಲಾಳ, ಮಲ್ಲತ್ತಹಳ್ಳಿ ಕಡೆ ಯಾವುದಾದರೂ ಕೆರೆಯ ಹೂಳೆತ್ತುತ್ತಿದ್ದರೆ ಏರಿಯ ಮೇಲೆ ಹತ್ತು ನಿಮಿಷ ನಿಂತು ನೋಡಬೇಕು. ಜೆಸಿಬಿ ಬಾಚಿದ ಕಡೆ ಕೆರೆಯಂಗಳದಲ್ಲಿ ಆಳೆತ್ತರದ ಮಣ್ಣಿನ ಗೋಡೆಯೊಂದು ಕಾಣಿಸಿಕೊಂಡಿರುತ್ತದೆ. ಮೇಲ್ಗಡೆ ಮೊಣಕಾಲುದ್ದ ಕಪ್ಪು ಕೆಸರು. ಅದರೊಳಗೆ ಹಾಲಿನ ಕವರು, ಶಾಂಪೂ ಪೊಟ್ಟಣ, ಬಿಟ್ಟ ಗಣಪತಿಯ ಬಣ್ಣದ ಚೂರು. ಅದರಡಿಗೆ ಬೂದಿಬಣ್ಣದ ನುಣುಪು ಜೇಡಿ. ಇನ್ನೂ ಕೆಳಗೆ ಮರಳು ಬೆರೆತ ಕೆಮ್ಮಣ್ಣು. ಮಧ್ಯಾಹ್ನದ ಹೊತ್ತಿಗೆ ಆ ಗೋಡೆ ಇರುವುದಿಲ್ಲ. ಟಿಪ್ಪರ್ ಲಾರಿಗಳಲ್ಲಿ ಎಲ್ಲಿಗೋ ಹೊರಟುಹೋಗಿರುತ್ತದೆ. ಈ ಬಡಾವಣೆಗಳೆಲ್ಲ ಹಳ್ಳಿಗಳಾಗಿದ್ದ ಕಾಲದಲ್ಲಿ ಇದೇ ಮಣ್ಣಿಗೆ ಗೋಡು ಎನ್ನುತ್ತಿದ್ದರು. ಗಾಡಿಗಟ್ಟಲೆ ಹೊಲಕ್ಕೆ ಹೊಡೆದರೆ ರಾಗಿ ಚೆನ್ನಾಗಿ ಬರುತ್ತಿತ್ತು.

ಆ ಗೋಡಿನ ಒಂದು ಚಮಚದಲ್ಲಿ ಸಾವಿರಾರು ಪರಾಗಕಣಗಳಿರಬಹುದು. ಜೊತೆಗೆ ಕಣ್ಣಿಗೆ ಕಾಣದ ಪಾಚಿಯ ಗಾಜಿನಂಥ ಚಿಪ್ಪು, ಕಾಳ್ಗಿಚ್ಚಿನ ಮಸಿ, ಮಳೆ ಕೊಚ್ಚಿ ತಂದ ಕಬ್ಬಿಣದ ಖನಿಜದ ಹರಳು. ಪದರ ಪದರವಾಗಿ ಕುಳಿತ ಇವುಗಳನ್ನು ಓದಿ, ಸಾವಿರ ವರ್ಷದ ಹಿಂದೆ ಮಳೆ ಹೇಗಿತ್ತು, ಹತ್ತು ಸಾವಿರ ವರ್ಷದ ಹಿಂದೆ ಇಲ್ಲಿ ಕಾಡಿತ್ತೋ ಹುಲ್ಲುಗಾವಲಿತ್ತೋ ಎಂದು ಹೇಳುವ ವಿದ್ಯೆಗೆ ನೂರು ವರ್ಷ ದಾಟಿದೆ. ಕರ್ನಾಟಕದ ಮಟ್ಟಿಗೆ ಆ ವಿದ್ಯೆ ಏನನ್ನು ಕಂಡುಕೊಂಡಿದೆ, ಎಲ್ಲಿ ತಡವರಿಸುತ್ತಿದೆ, ಬೆಂಗಳೂರಿನ ಪಶ್ಚಿಮದ ಕೆರೆಗಳಿಗೆ ಅದರಲ್ಲಿ ಪಾಲಿದೆಯೇ ಎಂಬುದನ್ನು ಇಲ್ಲಿ ನೋಡಬಹುದು.

ಮಳೆಮಾಪಕ ಬರುವ ಮೊದಲು

ನಮ್ಮಲ್ಲಿ ಮಳೆಯನ್ನು ಅಳೆದು ಬರೆದಿಡುವ ಪದ್ಧತಿಗೆ ಇನ್ನೂರು ವರ್ಷ ತುಂಬಿಲ್ಲ. ಆ ಅವಧಿಯಲ್ಲಿ 1876-78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮ ಬರುತ್ತದೆ. ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ಅಂಥ ಬರ ನೂರು ವರ್ಷಕ್ಕೊಮ್ಮೆ ಬರುವಂಥದ್ದೋ ಸಾವಿರ ವರ್ಷಕ್ಕೊಮ್ಮೆಯೋ? ಮೂವತ್ತು ವರ್ಷ ಸತತವಾಗಿ ಮುಂಗಾರು ಸೊರಗಿದ ಕಾಲ ಎಂದಾದರೂ ಇತ್ತೇ? ನೂರೈವತ್ತು ವರ್ಷದ ಲೆಕ್ಕದ ಪುಸ್ತಕ ಇದಕ್ಕೆ ಉತ್ತರ ಕೊಡಲಾರದು. ಶಾಸನಗಳು ಕೆರೆ ಕಟ್ಟಿಸಿದವರನ್ನು, ತೂಬು ಇಡಿಸಿದವರನ್ನು ಹೆಸರಿಸುತ್ತವೆ. ಮಳೆ ಎಷ್ಟು ಬಂತೆಂದು ಹೇಳುವುದಿಲ್ಲ. ಇನ್ನು ಉಳಿಯುವುದು ಮರದ ಬಳೆ, ಗುಹೆಯ ಸುಣ್ಣದ ತೊಂಗಲು ಮತ್ತು ನೀರಿನ ತಳದ ಮಣ್ಣು.

ಮಣ್ಣಿಗೂ ಒಂದು ಮಿತಿಯಿದೆ. ಸಾವಿರ ವರ್ಷಕ್ಕೆ ಒಂದು ಮೀಟರ್ ಹೂಳು ಕೂತಿದೆ ಎಂದುಕೊಳ್ಳೋಣ. ಆಗ ಒಂದು ಸೆಂಟಿಮೀಟರ್ ಎಂದರೆ ಹತ್ತು ವರ್ಷ. ಎರಡು ವರ್ಷದ ಧಾತು-ಈಶ್ವರ ಕ್ಷಾಮ ಅದರಲ್ಲಿ ಎರಡು ಮಿಲಿಮೀಟರ್. ಕೆಸರಿನ ಹುಳಗಳು ಆ ಎರಡು ಮಿಲಿಮೀಟರನ್ನೂ ಕಲಸಿಬಿಟ್ಟಿರುತ್ತವೆ. ನಮ್ಮ ಅಜ್ಜಿಯರ ಬಾಯಲ್ಲಿ ಮೂರು ತಲೆಮಾರು ಉಳಿದ ಕ್ಷಾಮ ಮಣ್ಣಿನಲ್ಲಿ ಒಂದು ಗೆರೆಯಾಗಿಯೂ ಕಾಣದೆ ಹೋಗಬಹುದು. ಹೂಳು ಒಂದೊಂದು ವರ್ಷದ ಸುದ್ದಿ ಹೇಳುವುದಿಲ್ಲ. ಕಾಲದ ವಾಲಿಕೆ ಯಾವ ಕಡೆಗಿತ್ತು ಎಂಬುದನ್ನಷ್ಟೇ ಹೇಳುತ್ತದೆ.

ಹೂವಿನ ಧೂಳು ಕೆಡದೆ ಉಳಿಯುವುದು

ಪರಾಗದ ಹೊರಗೋಡೆ ಸ್ಪೋರೊಪೊಲೆನಿನ್ ಎಂಬ ವಸ್ತುವಿನದು. ಗಿಡಮರಗಳು ತಯಾರಿಸುವ ವಸ್ತುಗಳಲ್ಲೇ ಬಲು ಗಟ್ಟಿ. ಎಲೆ, ಕಾಂಡ, ಹೂವಿನ ದಳ ಎಲ್ಲ ಕೊಳೆತರೂ ಗಾಳಿಯಾಡದ ಕೆಸರಿನಲ್ಲಿ ಈ ಗೋಡೆ ಲಕ್ಷಾಂತರ ವರ್ಷ ಹಾಗೇ ಇರುತ್ತದೆ. ಬಗೆಬಗೆಯ ಗಿಡಗಳ ಪರಾಗಕ್ಕೆ ಬಗೆಬಗೆಯ ಆಕಾರ. ಈ ಎರಡು ಸಂಗತಿಗಳನ್ನು ಜೋಡಿಸಿ, ಪದರ ಪದರದಲ್ಲೂ ಕಣಗಳನ್ನು ಎಣಿಸಿ ನಕ್ಷೆ ಬರೆದವನು ಸ್ವೀಡನ್ನಿನ ಭೂವಿಜ್ಞಾನಿ ಲೆನಾರ್ಟ್ ಫಾನ್ ಪೋಸ್ಟ್. 1916ರಲ್ಲಿ, ಇಂದು ಓಸ್ಲೋ ಎಂದು ಕರೆಯುವ ಊರಿನಲ್ಲಿ ಅವನು ಆ ನಕ್ಷೆಗಳನ್ನು ವಿದ್ವಾಂಸರ ಮುಂದಿಟ್ಟ. ನಮ್ಮ ದೇಶದಲ್ಲಿ ಈ ವಿದ್ಯೆಗೆ ನೆಲೆಯಾದದ್ದು ಲಖನೌದಲ್ಲಿ ಬೀರಬಲ್ ಸಾಹ್ನಿ 1946ರಲ್ಲಿ ಆರಂಭಿಸಿದ ಸಂಸ್ಥೆ. ದಕ್ಷಿಣದಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆ ಪಶ್ಚಿಮಘಟ್ಟದ ಮರಗಳ ಪರಾಗವನ್ನು ಒಂದೊಂದಾಗಿ ಸಂಗ್ರಹಿಸಿ, ಹೋಲಿಸಿ ನೋಡಲು ಬೇಕಾದ ದೊಡ್ಡ ಭಂಡಾರವನ್ನೇ ಕಟ್ಟಿಕೊಂಡಿತು. ನಮ್ಮ ಜ್ಞಾನಭಾರತಿ ಆವರಣದ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಶ್ರೀಪಾದ ಅಗಾಶೆ ಅವರು ನಗರದ ಗಾಳಿಯಲ್ಲಿ ತೇಲುವ ಪರಾಗವನ್ನು ಅಲರ್ಜಿಯ ದೃಷ್ಟಿಯಿಂದ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಇಂದಿನ ಗಾಳಿಯಲ್ಲಿ ಏನಿದೆ ಎಂದು ತಿಳಿದರೆ ತಾನೇ ಹಿಂದಿನ ಕೆಸರಿನಲ್ಲಿ ಏನಿತ್ತೆಂದು ಊಹಿಸಲಾಗುವುದು?

ಪ್ರಯೋಗಾಲಯದಲ್ಲಿ ನಡೆಯುವ ಕೆಲಸ ಅಡುಗೆಗಿಂತ ಬೇರೆಯಲ್ಲ. ಬಳಸುವ ದ್ರಾವಣಗಳು ಮಾತ್ರ ಅಪಾಯದವು. ಗುಂಜಿಯಷ್ಟು ತೂಕದ ಮಣ್ಣು ಸಾಲದು, ಒಂದೆರಡು ಗ್ರಾಂ ಬೇಕು. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಸುಣ್ಣದ ಅಂಶ ನೊರೆಯೆದ್ದು ಹೋಗುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಮರಳನ್ನೇ ಕರಗಿಸುತ್ತದೆ. ಚರ್ಮಕ್ಕೆ ತಾಗಿದರೆ ಮೂಳೆಯವರೆಗೂ ಇಳಿಯುವ ದ್ರವವದು. ಕೊನೆಗೆ ಪರಾಗಜ್ಞ ಎರ್ಟ್‌ಮನ್ ಕಂಡುಹಿಡಿದ ಅಸಿಟಾಲಿಸಿಸ್ ವಿಧಾನದಲ್ಲಿ ಒಂಬತ್ತು ಪಾಲು ಅಸಿಟಿಕ್ ಅನ್‌ಹೈಡ್ರೈಡಿಗೆ ಒಂದು ಪಾಲು ಗಂಧಕಾಮ್ಲ ಬೆರೆಸಿ ಬಿಸಿಮಾಡಿದರೆ ನಾರಿನಂಶವೂ ಹೋಗಿ, ತಳದಲ್ಲಿ ಕಾಫಿಯ ಗಸಿಯಂಥ ಒಂದಿಷ್ಟು ಉಳಿಯುತ್ತದೆ. ಅದರ ಒಂದು ಹನಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಊರು ಕಣ್ಣಿಗೆ ಬೀಳುತ್ತದೆ. ಹುಲ್ಲಿನದು ನುಣ್ಣನೆಯ ಗುಂಡು, ಅಂಚುಕಟ್ಟಿದ ಒಂದೇ ತೂತು. ನೀಲಗಿರಿ ಮರದ್ದು ಮೂರು ಮೂಲೆಯ ಸಮೋಸ. ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡದ್ದು, ದತ್ತೂರಿ ಕಾಯಿಯಂತೆ ಮೈತುಂಬ ಮುಳ್ಳು. ಒಂದೊಂದು ಪದರಕ್ಕೂ ಇನ್ನೂರು, ಮುನ್ನೂರು ಕಣ ಎಣಿಸಬೇಕು. ಮಣ್ಣಿನ ಒಂದು ಕಂಬ ಓದಿ ಮುಗಿಸಲು ತಿಂಗಳುಗಳೇ ಬೇಕು.

ಎಣಿಕೆ ನೇರವಾದರೂ ಅರ್ಥ ನೇರವಲ್ಲ. ಗಾಳಿಯನ್ನು ನೆಚ್ಚಿದ ಗಿಡಗಳು ಪರಾಗವನ್ನು ಮೂಟೆಗಟ್ಟಲೆ ಎರಚುತ್ತವೆ. ಜೇನು, ಚಿಟ್ಟೆ ನೆಚ್ಚಿದವು ಜಿಪುಣತನ ತೋರಿಸುತ್ತವೆ. ಬಸವೇಶ್ವರನಗರದ ಬೀದಿಯಲ್ಲಿ ಸಾಲಾಗಿ ಹೊಂಗೆ, ಸಂಪಿಗೆ ಇದ್ದು, ಮೂಲೆಯ ಖಾಲಿ ಸೈಟಿನಲ್ಲಿ ಹುಲ್ಲು ಬೆಳೆದಿದ್ದರೆ, ಪಕ್ಕದ ಕೆಸರಿನಲ್ಲಿ ಹುಲ್ಲಿನ ಪರಾಗವೇ ಮೆರೆಯುತ್ತದೆ. ಸಾವಿರ ವರ್ಷದ ನಂತರ ಅದನ್ನು ಓದುವವನು ಇಲ್ಲಿ ಬಯಲಿತ್ತು ಎಂದಾನು. ಆದ್ದರಿಂದಲೇ ಪಳಗಿದ ಪರಾಗಜ್ಞರು ಮೊದಲು ಇಂದಿನ ಕಾಡಿನ ನೆಲದ ಮಣ್ಣು ತೆಗೆದು, ಕಾಡಿಗೂ ಕಣಕ್ಕೂ ಇರುವ ಲೆಕ್ಕ ಹಿಡಿದುಕೊಂಡೇ ಹಿಂದಕ್ಕೆ ಹೋಗುತ್ತಾರೆ.

ಜೊತೆ ಸಾಕ್ಷಿಗಳು

ಒಬ್ಬನೇ ಸಾಕ್ಷಿಯ ಮಾತಿಗೆ ನ್ಯಾಯಾಲಯ ತೀರ್ಪು ಕೊಡಲು ಹಿಂಜರಿಯುವಂತೆ ಇಲ್ಲಿಯೂ ಬೇರೆ ಸಾಕ್ಷಿಗಳನ್ನು ಕರೆಸಬೇಕು. ಡಯಾಟಮ್ ಎಂಬ ಪಾಚಿಯ ಸಿಲಿಕಾ ಚಿಪ್ಪುಗಳು ನೀರು ಸಿಹಿಯೋ ಉಪ್ಪೋ, ತಿಳಿಯೋ ಕೊಳಕೋ ಹೇಳುತ್ತವೆ. ಆಸ್ಟ್ರಕಾಡ್ ಎಂಬ ಎಳ್ಳುಕಾಳಿಗಿಂತ ಸಣ್ಣ ಜೀವಿಯ ಸುಣ್ಣದ ಚಿಪ್ಪು ಅದೇ ಮಾತನ್ನು ರಸಾಯನದ ಭಾಷೆಯಲ್ಲಿ ಹೇಳುತ್ತದೆ. ಇದ್ದಿಲಿನ ಪುಡಿ ಬೆಂಕಿಯ ಸುದ್ದಿ ಹೇಳಿದರೆ, ಎಲೆಯ ಜೀವಕೋಶಗಳೊಳಗೆ ಬೆಳೆದ ಸಿಲಿಕಾ ಅಚ್ಚು, ಅಂದರೆ ಫೈಟೊಲಿತ್, ಹುಲ್ಲುಗಳ ಒಳಜಾತಿಗಳನ್ನು ಬೇರ್ಪಡಿಸಿ ತೋರಿಸುತ್ತದೆ.

ಇಂಗಾಲದ ಸಾಕ್ಷಿ ಇನ್ನೂ ಸೊಗಸು. ರಾಗಿ, ಜೋಳ, ಕಬ್ಬು, ಬಿಸಿ ಸೀಮೆಯ ಬಹುಪಾಲು ಹುಲ್ಲು ಸಿ4 ಗುಂಪಿನವು. ಮರಗಳೆಲ್ಲ ಹೆಚ್ಚುಕಡಿಮೆ ಸಿ3. ತೂಕದ ಇಂಗಾಲ, ಇಂಗಾಲ-13, ಸಿ4 ಗಿಡಗಳಲ್ಲಿ ತುಸು ಹೆಚ್ಚು ಸೇರುತ್ತದೆ. ಹಾಗಾಗಿ ಕೊಳೆತು ಗುರುತು ಸಿಗದ ಮಣ್ಣಿನಲ್ಲೂ ಅದರ ಪ್ರಮಾಣ ಅಳೆದರೆ ಕಾಡು ಹೆಚ್ಚಿತ್ತೋ ಒಣಹುಲ್ಲು ಹೆಚ್ಚಿತ್ತೋ ತಿಳಿಯುತ್ತದೆ. ಕಾಲ ಗೊತ್ತುಮಾಡುವುದಕ್ಕೆ ಇಂಗಾಲ-14 ಇದೆ. 5,730 ವರ್ಷಕ್ಕೆ ಅರ್ಧವಾಗುವ ಈ ಗಡಿಯಾರ ಐವತ್ತು ಸಾವಿರ ವರ್ಷದವರೆಗೆ ನಡೆಯುತ್ತದೆ. ಕಳೆದ ನೂರೈವತ್ತು ವರ್ಷಕ್ಕೆ ಸೀಸ-210. ಅಣುಬಾಂಬು ಪರೀಕ್ಷೆಗಳು ಉದುರಿಸಿದ ಸೀಸಿಯಂ-137 ಪ್ರಪಂಚದಾದ್ಯಂತ 1963ರ ಸುಮಾರಿಗೆ ಒಂದು ಗುರುತು ಹಾಕಿದೆ.

ನಮ್ಮ ಮಣ್ಣು ಹೇಳಿದ್ದು

ದಕ್ಷಿಣದ ಹವಾಮಾನದ ಹಳೆಯ ಕಥೆಗೆ ದೊಡ್ಡ ತಿರುವು ಕೊಟ್ಟದ್ದು ನೀಲಗಿರಿಯ ಜೌಗು. ಊಟಿಯ ಸುತ್ತಲಿನ ಎತ್ತರದ ಕಣಿವೆಗಳಲ್ಲಿ ಗಿಡಗಳು ಪೂರ್ತಿ ಕೊಳೆಯದೆ ಪೀಟ್ ಆಗಿ ಸಾವಿರಾರು ವರ್ಷದಿಂದ ಪೇರಿಸಿಕೊಂಡಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್, ಜೊತೆಗೆ ಆರ್. ರಮೇಶ್, ಆರ್.ಕೆ. ಪಂತ್, ಜಿ. ರಾಜಗೋಪಾಲನ್, ಆ ಪೀಟಿನ ಇಂಗಾಲವನ್ನು ಅಳೆದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇಪ್ಪತ್ತು ಸಾವಿರ ವರ್ಷದ ಚಿತ್ರ ಪ್ರಕಟಿಸಿದರು. ಹಿಮಯುಗ ಉತ್ತುಂಗದಲ್ಲಿದ್ದ ಹದಿನೆಂಟು ಸಾವಿರ ವರ್ಷದ ಹಿಂದೆ ಬೆಟ್ಟದಲ್ಲಿ ಸಿ4 ಹುಲ್ಲು. ಅಂದರೆ ಮುಂಗಾರು ಸೊರಗಿತ್ತು. ಹನ್ನೊಂದು ಸಾವಿರ ವರ್ಷದ ಸುಮಾರಿಗೆ ಮಳೆ ಜೋರಾಗಿ ಸಿ3 ಗಿಡಗಳು ಮರಳಿದವು. ಆಮೇಲೆ ಆರು ಸಾವಿರದಿಂದ ಮೂರೂವರೆ ಸಾವಿರ ವರ್ಷದ ಹಿಂದಿನವರೆಗೆ ಮತ್ತೆ ಒಣಗಾಲ.

ಮೊದಲಿನ ಆ ಮಳೆಗಾಲಕ್ಕೆ ಕಾರಣ ಆಕಾಶದಲ್ಲಿದೆ. ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಈಗ ಜನವರಿಯ ಮೊದಲ ವಾರದಲ್ಲಿ. ಹತ್ತು ಸಾವಿರ ವರ್ಷದ ಹಿಂದೆ ಅದು ಉತ್ತರಾರ್ಧದ ಬೇಸಿಗೆಯಲ್ಲಿ ಬರುತ್ತಿತ್ತು. ನೆಲ ಹೆಚ್ಚು ಕಾದು ಕಡಲಗಾಳಿಯನ್ನು ಬಲವಾಗಿ ಎಳೆಯುತ್ತಿತ್ತು. ಈ ಹೊಂದಿಕೆ ನಿಧಾನವಾಗಿ ಜಾರಿದಂತೆ ಮುಂಗಾರಿನ ಕಸುವೂ ಇಳಿಯಿತು.

ಎರಡನೆಯ ಸಾಕ್ಷಿ ಕಾರವಾರದ ಕಡಲಲ್ಲಿ ಸಿಕ್ಕಿತು. ಘಟ್ಟದ ನದಿಗಳು ಕಾಡಿನ ಪರಾಗವನ್ನು ಹೊತ್ತು ಸಮುದ್ರದ ತಳದಲ್ಲಿ ಸುರಿಯುತ್ತವೆ. ಕ್ಲೋಡ್ ಕರಾತಿನಿ ಮತ್ತು ಸಂಗಡಿಗರು ಅಲ್ಲಿ ಕೊರೆದು ತೆಗೆದ ಕೆಸರನ್ನು ಓದಿ 1994ರಲ್ಲಿ ಬರೆದ ಪ್ರಕಾರ, ಸುಮಾರು ಮೂರೂವರೆ ಸಾವಿರ ವರ್ಷದಿಂದೀಚೆಗೆ ಕಾಂಡ್ಲಾಕಾಡಿನ ಮತ್ತು ಹಸಿಕಾಡಿನ ಪರಾಗ ಕಡಿಮೆಯಾಗುತ್ತ ಬಂದಿದೆ. ಹವೆ ಮೊದಲಿಗಿಂತ ಒಣಗಿದೆ.

ಮೂರನೆಯದು ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆ. ಮಂಗಳೂರು ವಿಶ್ವವಿದ್ಯಾಲಯದ ಆರ್. ಶಂಕರ್ ಮತ್ತು ಸಂಗಡಿಗರು ಇಲ್ಲಿ ಹಿಡಿದದ್ದು ಕಾಂತದ ದಾರಿ. ಮಳೆ ಹೆಚ್ಚಾದರೆ ಮಣ್ಣಿನಲ್ಲಿ ಕಬ್ಬಿಣದ ಕಾಂತೀಯ ಖನಿಜಗಳು ಹೆಚ್ಚು ರೂಪುಗೊಂಡು, ಕೊಚ್ಚಿಕೊಂಡು ಕೆರೆಗೆ ಬರುತ್ತವೆ. ಮಳೆ ಕಡಿಮೆಯಾದರೆ ಅವೂ ಕಡಿಮೆ. ಈಚಿನ ಪದರಗಳನ್ನು ದುರ್ಗದ ಮಳೆಮಾಪಕದ ಅಂಕಿಗಳೊಡನೆ ತಾಳೆ ನೋಡಿ, ಲೆಕ್ಕ ಕೂಡುತ್ತದೆ ಎಂದು ಕಂಡುಕೊಂಡ ಮೇಲೆ ಹಿಂದಿನ 3,700 ವರ್ಷದ ಮುಂಗಾರಿನ ಏರಿಳಿತವನ್ನು ಅವರು 2006ರಲ್ಲಿ ಪ್ರಕಟಿಸಿದರು. ದಾವಣಗೆರೆ ಜಿಲ್ಲೆಯ ಸೂಳೆಕೆರೆ, ಅಂದರೆ ಶಾಂತಿಸಾಗರದ ಹೂಳನ್ನೂ ಇದೇ ಬಳಗ ಮುಂದೆ ಓದಿತು. ಬಯಲುಸೀಮೆಗೆ ಈ ವಿಧಾನ ಒಗ್ಗುತ್ತದೆ. ಬೇಸಿಗೆಗೊಮ್ಮೆ ಬತ್ತಿ ಬಿರಿಯುವ ಕೆರೆಯಂಗಳದಲ್ಲಿ ಗಾಳಿ ತಾಗಿ ಪರಾಗ ಹಾಳಾಗುತ್ತದೆ. ಕಬ್ಬಿಣ ಅಷ್ಟು ಬೇಗ ಸೋಲುವುದಿಲ್ಲ.

ನಾಲ್ಕನೆಯದು ಕೊಡಗು. ಶೋನಿಲ್ ಭಾಗವತ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ 7,500 ವರ್ಷದ ಪರಾಗದ ದಾಖಲೆಯಲ್ಲಿ ಮಳೆ ಏರಿಳಿದರೂ, ಮನುಷ್ಯ ಕೈಯಾಡಿಸಿದರೂ ಕಾಡು ಮತ್ತೆ ಮತ್ತೆ ಚೇತರಿಸಿಕೊಂಡಿದೆ. ದೇವರಕಾಡುಗಳ ಕಥೆ ಇನ್ನೂ ಬೆರಗಿನದು. ಆದಿಕಾಲದಿಂದ ಕೊಡಲಿ ತಾಗದವು ಎಂದು ನಾವು ನಂಬಿದ ಜಾಗದಲ್ಲೂ, ಕೆಲವು ಶತಮಾನಗಳ ಹಿಂದೆ ಬಯಲಾಗಿದ್ದದ್ದು ಮತ್ತೆ ಕಾಡಾದ ಗುರುತು ಸಿಕ್ಕಿದೆ. ದೇವರ ಹೆಸರಿನಲ್ಲಿ ಜನ ಕಾಡನ್ನು ಉಳಿಸಿಕೊಂಡದ್ದಷ್ಟೇ ಅಲ್ಲದೆ ಬೆಳೆಯಲು ಬಿಟ್ಟದ್ದೂ ಇರಬೇಕು.

ಮೋಡವೋ, ಕೊಡಲಿಯೋ

ಈ ಸಾಕ್ಷಿಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ತಗಾದೆ ಶುರು. ನೀಲಗಿರಿಯಲ್ಲಿ ಒಣಗಾಲ ಮೂರೂವರೆ ಸಾವಿರ ವರ್ಷದ ಹಿಂದೆ ಮುಗಿಯುತ್ತದೆ. ಕಾರವಾರದಲ್ಲಿ ಸರಿಸುಮಾರು ಆಗಲೇ ಆರಂಭವಾಗುತ್ತದೆ. ಎರಡೂ ಸರಿಯಿರಲು ಸಾಧ್ಯ. ನೀಲಗಿರಿಗೆ ಹಿಂಗಾರೂ ಸಾಕಷ್ಟು ಸುರಿಯುತ್ತದೆ. ಕಾರವಾರ ಮುಂಗಾರನ್ನೇ ನೆಚ್ಚಿದ ಕರಾವಳಿ. ಹಿಮಯುಗದ ಸಿ4 ಹುಲ್ಲಿನ ವಿಷಯದಲ್ಲೂ ಒಂದು ತೊಡಕು ಇದೆ: ಆಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಿತ್ತು, ಅದು ತಾನೇ ಸಿ4 ಗಿಡಗಳಿಗೆ ಅನುಕೂಲ. ಹುಲ್ಲು ಹೆಚ್ಚಿದ್ದೆಲ್ಲ ಮಳೆಯ ಕೊರತೆಯಿಂದಲೇ ಎನ್ನಲಾಗದು.

ದೊಡ್ಡ ತಗಾದೆ ಮನುಷ್ಯನದು. ಕಾಡಿನ ಪರಾಗ ಇಳಿಯುವ ಹೊತ್ತಿಗೆ ನಮ್ಮ ಬಯಲುಸೀಮೆಯಲ್ಲಿ ದನಗಾಹಿ ಬೇಸಾಯಗಾರರು ಬೀಡುಬಿಟ್ಟಿದ್ದರು. ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳು ಅವರ ದನದ ಸಗಣಿ ಉರಿದ ಗುಡ್ಡಗಳು. ಸಂಗನಕಲ್ಲಿನಂಥ ನೆಲೆಗಳಲ್ಲಿ ಸಿಕ್ಕ ಕರಿಕಾದ ಕಾಳುಗಳಿಂದ ಅವರು ಕಿರುಧಾನ್ಯ, ಹುರುಳಿ, ಹೆಸರು ಬೆಳೆದದ್ದು ಗೊತ್ತಾಗಿದೆ. ಕಾಡಿಗೆ ಬೆಂಕಿಯಿಟ್ಟು ಮೇವಿನ ಬಯಲು ಮಾಡಿಕೊಂಡರೆ ಪರಾಗದ ನಕ್ಷೆಯಲ್ಲಿ ಅದು ಬರಗಾಲದಂತೆಯೇ ಕಾಣುತ್ತದೆ. ಮೇಲಾಗಿ ಹುಲ್ಲಿನ ಪರಾಗವೆಲ್ಲ ಒಂದೇ ಮುಖದ್ದು. ಗದ್ದೆಬದುವಿನ ಗರಿಕೆಯೋ ಹೊಲದ ರಾಗಿಯೋ, ಸೂಕ್ಷ್ಮದರ್ಶಕದಡಿ ಖಚಿತವಾಗಿ ಹೇಳುವುದು ಕಷ್ಟ. ಈ ಸೀಮೆಯ ಅನ್ನವೇ ಪರಾಗಜ್ಞನ ಕಣ್ಣು ತಪ್ಪಿಸಿ ಕುಳಿತಿದೆ.

ಇಂಥ ಎಡವು ಬೇರೆ ಕಡೆಯೂ ಆಗಿದೆ. ಗುರುದೀಪ್ ಸಿಂಗ್ 1970ರ ದಶಕದ ಆರಂಭದಲ್ಲಿ ರಾಜಸ್ಥಾನದ ಸಾಂಭರ್, ಡೀಡ್ವಾನಾ, ಲೂಣಕರಣಸರ್ ಸರೋವರಗಳ ಪರಾಗ ಓದಿ, ಮಳೆ ಚೆನ್ನಾಗಿದ್ದಾಗ ಹರಪ್ಪ ಅರಳಿತು, ಒಣಗಿದಾಗ ಬಾಡಿತು ಎಂದರು. ಅಚ್ಚುಕಟ್ಟಾದ ಕಥೆ, ಪಠ್ಯಪುಸ್ತಕಗಳಿಗೂ ಹಿಡಿಸಿತು. 1999ರಲ್ಲಿ ಲೂಣಕರಣಸರವನ್ನು ಮತ್ತೆ ಕೊರೆದು ಕಾಲನಿರ್ಣಯ ಮಾಡಿದಾಗ ಆ ಸರೋವರ ಹರಪ್ಪದ ನಗರಗಳು ಏಳುವ ಮೊದಲೇ ಬತ್ತಿಹೋಗಿತ್ತೆಂದು ಕಂಡುಬಂತು. ಮೇಘಾಲಯದ ಮಾವ್ಮ್ಲು ಗುಹೆಯ ತೊಂಗಲನ್ನು ಆಧರಿಸಿ 4,200 ವರ್ಷದ ಹಿಂದಿನ ಬರವನ್ನು ಭೂಇತಿಹಾಸದ ಗಡಿಕಲ್ಲು ಎಂದು 2018ರಲ್ಲಿ ಒಪ್ಪಿಕೊಳ್ಳಲಾಯಿತು. ಅದರ ಹರವಿನ ಬಗ್ಗೆಯೂ ಚರ್ಚೆ ನಿಂತಿಲ್ಲ.

ಇದರಿಂದ ವಿದ್ಯೆ ಸುಳ್ಳೆಂದಾಗುವುದಿಲ್ಲ. ಕಬ್ಬಿಣ, ಇಂಗಾಲ, ಪರಾಗ, ಇದ್ದಿಲು ನಾಲ್ಕೂ ಒಂದೇ ಕಂಬದಲ್ಲಿ, ಒಂದೇ ಗಡಿಯಾರದಡಿ ಒಂದೇ ಮಾತು ಹೇಳಿದರೆ ನಂಬಬಹುದು. ಇದ್ದಿಲು ಏರಿ, ಕಾಡಿನ ಪರಾಗ ಇಳಿದು, ಮಳೆಯ ಗುರುತು ಹಾಗೇ ಇದ್ದರೆ ಕೊಡಲಿಯ ಕಡೆ ಬೆರಳು ತೋರಿಸಬಹುದು. ನಮ್ಮಲ್ಲಿ ಅಂಥ ಕಂಬಗಳು ಕಡಿಮೆ. ಕೊರತೆಯಿರುವುದು ಓದುವವರ ಜಾಣ್ಮೆಯಲ್ಲಲ್ಲ, ಓದಲು ಸಿಕ್ಕ ಪುಟಗಳಲ್ಲಿ.

ಈ ದಿಕ್ಕಿನ ಪುಟ

ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಬೆಂಗಳೂರಿನಲ್ಲಿ ಹೇಳಿಕೊಳ್ಳುವಂಥ ನೈಸರ್ಗಿಕ ಸರೋವರವಿಲ್ಲ. ಇರುವುದೆಲ್ಲ ಕಣಿವೆಗೆ ಏರಿ ಹಾಕಿ ಕಟ್ಟಿದ ಕೆರೆಗಳು. ಕಟ್ಟಿದವರೇ ಹೂಳೆತ್ತುತ್ತಲೂ ಬಂದರು. ಹೊಲಕ್ಕೆ ಹೋದ ಒಂದೊಂದು ಗಾಡಿ ಗೋಡಿನ ಜೊತೆ ಒಂದಷ್ಟು ವರ್ಷಗಳೂ ಹೋದವು. ಅದರಲ್ಲಿ ತಪ್ಪಿಲ್ಲ, ಕೆರೆ ಬದುಕುವ ರೀತಿಯೇ ಅದು. ಆದರೆ ಪಶ್ಚಿಮ ದಿಕ್ಕಿನ ಹಲವು ಕೆರೆಗಳು ಬದುಕಲೂ ಇಲ್ಲ. ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನವಾಯಿತು, ಕುರುಬರಹಳ್ಳಿಯದು ಬಡಾವಣೆಯಾಯಿತು, ಸಾಣೆಗುರುವನಹಳ್ಳಿಯದೂ ಕಟ್ಟಡಗಳಡಿ ಹೋಯಿತು. ರಾಜಾಜಿನಗರ, ವಿಜಯನಗರದ ನೀರನ್ನು ಹೊತ್ತು ನಾಯಂಡಹಳ್ಳಿ, ಕೆಂಗೇರಿ ದಾಟಿ ಅರ್ಕಾವತಿಗೆ ಸೇರುವ ವೃಷಭಾವತಿಯ ಬಣ್ಣ ಮೈಸೂರು ರಸ್ತೆಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು.

ಹಾಗೆಂದು ಇಲ್ಲಿನ ಮಣ್ಣು ಓದಲು ಯೋಗ್ಯವಲ್ಲ ಎನ್ನಲಾಗದು. ಅದರ ಕಥೆ ಚಿಕ್ಕದು, ಆದರೆ ತಾರೀಕುಗಳು ಖಚಿತ. ನೀಲಗಿರಿ ಮರ ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ ನಂದಿಬೆಟ್ಟಕ್ಕೆ ಬಂತು. ಅದರ ಮೂರು ಮೂಲೆಯ ಪರಾಗ ಸಿಕ್ಕ ಪದರ ಅದಕ್ಕಿಂತ ಹಳೆಯದಾಗಲಾರದು. ಪಾರ್ಥೇನಿಯಂ ಈ ದೇಶದಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದು ಹಬ್ಬತೊಡಗಿದ್ದು 1950ರ ದಶಕದ ನಡುವಿನಲ್ಲಿ. ಮುಳ್ಳಿನ ಆ ಕಣ ಹೆಚ್ಚಿದ ಪದರ ನಮ್ಮ ಅಪ್ಪಂದಿರ ಕಾಲದ್ದು. ಅದರ ಮೇಲೆ ಪ್ಲಾಸ್ಟಿಕ್, ಸೀಸ, ಕ್ರೋಮಿಯಂ. ಕೊಳಕು ನೀರಿನ ಡಯಾಟಮ್‌ಗಳು ತಿಳಿನೀರಿನವನ್ನು ಎಂದು ಓಡಿಸಿದವು ಎಂದು ತಿಳಿದರೆ ಚರಂಡಿ ಕೆರೆಗೆ ಯಾವಾಗ ತಿರುಗಿತೆಂಬುದು ಕಡತ ನೋಡದೆಯೇ ತಿಳಿದೀತು. ಇಷ್ಟೆಲ್ಲದರ ಅಡಿಯಲ್ಲಿ, ಏರಿ ಹಾಕುವ ಮೊದಲಿನ ಕಣಿವೆಯ ಮಣ್ಣಿನಲ್ಲಿ, ಇಲ್ಲಿದ್ದ ಕುರುಚಲು ಕಾಡಿನ ಗುರುತು ಉಳಿದಿರಲೂಬಹುದು.

ಕೆರೆಯ ಹೂಳು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಜೆಸಿಬಿ ಇಳಿಯುವ ಹಿಂದಿನ ದಿನ ಒಂದು ಕೆಲಸ ಮಾಡಬಹುದು: ಅಂಗಳದ ಆಳವಾದ ಜಾಗದಲ್ಲಿ ಎರಡು ಮೂರು ಮೀಟರಿನ ಪಿವಿಸಿ ಪೈಪು ಬಡಿದು ಇಳಿಸಿ, ಮಣ್ಣಿನ ಸಮೇತ ಮೇಲೆತ್ತಿ, ಎರಡು ತುದಿಗೂ ಮುಚ್ಚಳ ಹಾಕಿ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗದ ತಂಪು ಕೋಣೆಯಲ್ಲಿಡುವುದು. ಟೆಂಡರಿನಲ್ಲಿ ಒಂದು ಸಾಲು, ಒಂದು ಬೆಳಗಿನ ಕೆಲಸ. ಇಂದು ಓದುವವರು ಇಲ್ಲದಿದ್ದರೂ ಪರವಾಗಿಲ್ಲ, ಆ ಮಣ್ಣಿಗೆ ಅವಸರವಿಲ್ಲ. ಪೈಪಿನ ಮೇಲೆ ಕೆರೆಯ ಹೆಸರು ಮತ್ತು ತಾರೀಕು ಬರೆಯಬೇಕು. ಒಂದು ತುದಿಗೆ ‘ಮೇಲೆ’, ಇನ್ನೊಂದು ತುದಿಗೆ ‘ಕೆಳಗೆ’ ಎಂದು ಬರೆಯಲು ಮಾತ್ರ ಮರೆಯಬಾರದು. ಮರೆತರೆ ಪ್ಲಾಸ್ಟಿಕ್ ಕವರಿನ ಮೇಲೆ ಕಾಡು ಬೆಳೆದಿತ್ತೆಂದು ಮುಂದಿನವರು ಓದಿಕೊಂಡಾರು.